ಟೈಲರ್ ಅಕ್ಕನ ಅಡುಗೆ

ನನ್ನ ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಒಂದು ಪರದೆ. ಬಟ್ಟೆ ಕೇಳಲು ಬಂದವರಿಗೆಲ್ಲ ಅವಳು ತಲೆಯೆತ್ತದೆ ಹೇಳುವ ಮಾತು ಒಂದೇ: "ನಾಳೆ ಬನ್ನಿ." ಬರಬರುತ್ತ ಅಡುಗೆಮನೆಗೂ ಅದೇ ಉತ್ತರವಾಯಿತು. ಬಸ್ ಓಡಿಸುವ ಭಾವ ನಿಂತ ನಿಂತ ಊರಿನಲ್ಲೆಲ್ಲ ಕರಿದದ್ದು ತಿಂದು, ಸ್ಟೇರಿಂಗನ್ನು ಹೊಟ್ಟೆಯಿಂದಲೇ ತಿರುಗಿಸಬಹುದಾದ ಮಟ್ಟಕ್ಕೆ ಬೆಳೆದರು.

ಡಿಪೋ ಡಾಕ್ಟರು ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು. ಮುಂದಿನ ತಪಾಸಣೆಯ ಹೊತ್ತಿಗೆ ಅದು ಕಡಿಮೆಯಾಗದಿದ್ದರೆ ಬಸ್ಸು ಬಿಡಿಸಿ ಟಿಕೆಟ್ ಕೌಂಟರಿನಲ್ಲಿ ಕೂರಿಸುತ್ತಾರಂತೆ.

"ಒಳ್ಳೇದೇ ಆಯ್ತಲ್ಲ ಭಾವ, ಕೂತು ಮಾಡೋ ಕೆಲಸ," ಎಂದೆ.

"ಈಗೇನು ನಿಂತು ಓಡಿಸ್ತಿದ್ದೀನಾ?" ಎಂದರು ಭಾವ. "ಆದ್ರೆ ಆ ಕೌಂಟರಿಗೆ ಕಿಟಕಿ ಇದೆ, ದಾರಿ ಇಲ್ಲವಲ್ಲಪ್ಪ."

ಅಂದು ರಾತ್ರಿ ಅವರು ಏನನ್ನೂ ತಿನ್ನಲಿಲ್ಲ. ಅಕ್ಕನಿಗೆ ಭಯವಾದದ್ದು ಆಗಲೇ.

ನಾನು ಸುಮ್ಮನಿರಲಾರದೆ ಆರೋಗ್ಯಕರ ಆಹಾರದ ಬಗ್ಗೆ ಉಪದೇಶ ಶುರುಮಾಡಿದೆ. "ಬಾಯಿ ಇಷ್ಟು ಬಿಡುವಾಗಿದೆ ಅಂದ್ರೆ ಕೈಯೂ ಬಿಡುವಾಗೇ ಇರುತ್ತೆ. ಭಾನುವಾರ ಬಾ," ಎಂದಳು ಅಕ್ಕ.

ಹೋದರೆ, ಬಟ್ಟೆ ಕತ್ತರಿಸುವ ಮೇಜಿನ ತುಂಬ ತರಕಾರಿ. ಅಂಗಿಗಳನ್ನು ಯಾರೂ ಒಂದೊಂದಾಗಿ ಮೊದಲಿಂದ ಕೊನೆಯವರೆಗೆ ಹೊಲಿಯುತ್ತ ಕೂರುವುದಿಲ್ಲ. ಮೊದಲು ಎಲ್ಲದರ ಕಟಿಂಗ್, ಆಮೇಲೆ ಎಲ್ಲದರ ಕಾಲರು. ಅಕ್ಕ ಅದನ್ನೇ ಅಡುಗೆಗೂ ತಂದಿದ್ದಳು. ವಾರದ ತರಕಾರಿಯನ್ನೆಲ್ಲ ಒಂದೇ ದಿನ ಹೆಚ್ಚಿ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಸೇರಿಸಿದರೆ, ಬೆಳಗ್ಗೆ ಜೋಡಿಸುವುದಷ್ಟೇ ಬಾಕಿ. ನಾನು ಹೆಚ್ಚಿದ ಬೀನ್ಸ್ ನೋಡಿ, "ಒಂದೊಂದನ್ನೂ ಒಂದೊಂದು ಗಿರಾಕಿ ಅಳತೆಗೆ ಹೆಚ್ಚಿದ್ದೀಯಲ್ಲೋ," ಎಂದಳು.

ಉಳಿದದ್ದು ಕುಕ್ಕರಿನ ಪಾಲು. ಗಿರಾಕಿಗೆ ಟೇಪು ಸುತ್ತಿ ನಿಂತಿದ್ದರೂ ಅವಳ ಒಂದು ಕಿವಿ ಪರದೆಯ ಆಚೆಗೇ ಇರುತ್ತಿತ್ತು. "ಸೊಂಟ ಮೂವತ್ತೆಂಟು... ಇನ್ನೊಂದು ಸಲ ಕೂಗಿದ್ರೆ ಆರಿಸಿಬಿಡು," ಎನ್ನುವಳು. ಗಿರಾಕಿ ಗಾಬರಿಯಿಂದ ನನ್ನ ಮುಖ ನೋಡುವನು.

ಭಾವನ ಊಟದ ಡಬ್ಬಿಗೆ ಉಳಿಕೆ ಬಟ್ಟೆಯಲ್ಲಿ ಪಟ್ಟೆ ಪಟ್ಟೆಯ ಚೀಲ ಹೊಲಿದಳು. ಗಿರಾಕಿಗಳಿಗೆ ಬಟ್ಟೆ ಕೊಡುತ್ತಿದ್ದದ್ದೂ ಅಂಥದೇ ಚೀಲದಲ್ಲಿ, ನೇತುಹಾಕುತ್ತಿದ್ದದ್ದೂ ಬಾಗಿಲ ಬಳಿಯ ಅದೇ ಮೊಳೆಗಳಿಗೆ. ಆಗಬೇಕಾದ್ದು ಆಯಿತು, ಅದೂ ತಪಾಸಣೆ ಹತ್ತಿರ ಬಂದಾಗ. ಒಂದು ಮಧ್ಯಾಹ್ನ ಭಾವನ ಫೋನು ಬಂತು, ಅಕ್ಕ ಸ್ಪೀಕರಿಗೆ ಹಾಕಿದಳು. ಊಟದ ಹೊತ್ತಾದ್ದರಿಂದ ನಾನು ಅಲ್ಲೇ ಇದ್ದೆ.

"ಲೇ, ಚೀಲದಲ್ಲಿ ಪ್ಯಾಂಟಿದೆ ಕಣೆ."

"ಅಯ್ಯೋ, ಅದು ಬ್ಯಾಂಕ್ ಮ್ಯಾನೇಜರದು. ಅವರು ನಿಮ್ಮ ಊಟ ಒಯ್ದಿದ್ದಾರೆ. ಎತ್ಕೊಳ್ಳೋವಾಗ ಹಗುರ ಅನ್ನಿಸಲಿಲ್ವೇನ್ರೀ?"

"ಅನ್ನಿಸ್ತು. ಊಟ ಇನ್ನೂ ಕಡಿಮೆ ಮಾಡಿದ್ದೀಯ ಅಂದ್ಕೊಂಡೆ."

ಅತ್ತ ಕಡೆ ಕ್ಯಾಂಟೀನಿನ ಬಾಣಲೆಯ ಚರಚರ ನಮಗೂ ಕೇಳುತ್ತಿತ್ತು. ಅಕ್ಕ ಕತ್ತರಿ ಕೆಳಗಿಟ್ಟು, "ಅಲ್ಲಿ ಬಾಳೆಹಣ್ಣು ಸಿಗುತ್ತಾ?" ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಸಂಜೆ ಮೊದಲು ಬಂದವರು ಮ್ಯಾನೇಜರು, ತೊಳೆದ ಡಬ್ಬಿ ಹಿಡಿದು. "ವಾಪಸ್ ಕಳಿಸೋಣ ಅಂತಲೇ ಮುಚ್ಚಳ ತೆಗೆದೆ. ಆಮೇಲೆ ಕಳಿಸೋಕೆ ಏನೂ ಉಳಿದಿರಲಿಲ್ಲ," ಎಂದರು. "ದಿನಾ ಇಂಥ ಊಟ ಸಿಕ್ಕಿದ್ರೆ ಪ್ಯಾಂಟಿನ ಸೊಂಟ ಬಿಡಿಸೋಕೆ ಕೊಡ್ತಾನೇ ಇರಲಿಲ್ಲ."

ಅಕ್ಕ ನಗಲಿಲ್ಲ. ಅವಳ ಕಣ್ಣು ರಸ್ತೆಯ ಮೇಲಿತ್ತು.

ಭಾವ ಬಂದು ಪ್ಯಾಂಟನ್ನು ಒಡೆಯರಿಗೆ ಒಪ್ಪಿಸಿ ಸ್ಟೂಲಿನ ಮೇಲೆ ಕೂತರು.

"ಏನು ತಿಂದ್ರಿ?" ಎಂದಳು ಅಕ್ಕ.

"ಕ್ಯಾಂಟೀನ್ ಬಾಗಿಲವರೆಗೂ ಹೋದೆ. ಕೈಯಲ್ಲಿ ಇವರ ಪ್ಯಾಂಟಿತ್ತಲ್ಲ, ಸುಮ್ನೆ ಸೊಂಟಕ್ಕೆ ಹಿಡಿದು ನೋಡಿದೆ. ಮುಂದಿನ ಭಾಗವೂ ಪೂರ್ತಿ ಮುಚ್ಚಲಿಲ್ಲ. ಕಂಡಕ್ಟರು ನಕ್ಕುಬಿಟ್ಟ. ಬಾಳೆಹಣ್ಣು ತಿಂದು ಬಸ್ ಎತ್ತಿದೆ."

"ಬಿಡಿಸಿದ ಮೇಲೂ ಸಾಲಲಿಲ್ವಾ ಭಾವ?" ಎಂದೆ. ಅಕ್ಕ ನನ್ನನ್ನು ನೋಟದಲ್ಲೇ ಇಸ್ತ್ರಿ ಮಾಡಿದಳು.

ತಪಾಸಣೆಯ ದಿನ ಡಾಕ್ಟರು ನಂಬಲಾರದೆ ಎರಡೆರಡು ಸಲ ಬಿ.ಪಿ. ನೋಡಿ, "ಬಸ್ ಓಡಿಸ್ಕೊಂಡಿರಿ," ಎಂದರಂತೆ. ಅಂದು ನಮ್ಮ ಬೀದಿಯ ತಿರುವಿನಲ್ಲಿ ಬಸ್ಸೊಂದು ಅಗತ್ಯಕ್ಕಿಂತ ಉದ್ದಕ್ಕೆ ಹಾರನ್ ಹೊಡೆಯಿತು. ಸೂಜಿಗೆ ದಾರ ಪೋಣಿಸುವುದು ಅಕ್ಕನಿಂದಾಗಲಿಲ್ಲ, ನಾನೇ ಪೋಣಿಸಿಕೊಟ್ಟೆ.

ಸಂಜೆ ಭಾವ ಯೂನಿಫಾರ್ಮ್ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು.

"ಜಾರ್ತಿದೆ ಕಣೆ. ಸೊಂಟ ಸ್ವಲ್ಪ ಹಿಡಿದುಕೊಡ್ತೀಯಾ?"

ಪರದೆಯಾಚೆ ಕುಕ್ಕರು ಕೂಗಿತು. ಅಕ್ಕ ತಲೆಯೆತ್ತಲಿಲ್ಲ.

"ನಾಳೆ ಬನ್ನಿ," ಎಂದಳು.