ಮೊಟ್ಟೆ ಕಾಣದ ಮನೆಗೆ ಬಂದ ವಾಸನೆ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ಓದಿ ನಕ್ಕವನು ನಾನು. ಒಣಗಲು ಹಾಕಿದ ಪಂಚೆ ಗಾಳಿಗೆ ಅಲುಗಿದ್ದನ್ನೇ ಜನ ಎರಡು ಪುಟ ಎಳೆಯುತ್ತಾರೆ ಅಂತ ನನ್ನ ಅಭಿಪ್ರಾಯವಾಗಿತ್ತು. ಹಾಗಂತ ನಾನು ಧೈರ್ಯವಂತನೆಂದು ತಿಳಿಯಬೇಡಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸು ಬರುವವನು ನಾನು. ಮ್ಯಾನೇಜರ್ ಒಂದು ದಿನ ನಗದಿದ್ದರೆ ವೀಸಾ ಕ್ಯಾನ್ಸಲ್ ಆಯಿತೆಂದೇ ಊಟ ಬಿಡುವವನು. ಈ ಲೋಕದ ಹೆದರಿಕೆಗಳೇ ಮನಸ್ಸಿನ ತುಂಬ ಇದ್ದವು; ಪರಲೋಕದವಕ್ಕೆ ಅಲ್ಲಿ ಜಾಗ ಇರಲಿಲ್ಲ, ಅಷ್ಟೆ.

ಆಗ ನಾವು ದುಬೈಯ ದೇರಾದಲ್ಲಿದ್ದೆವು. ನಾನು, ಹೆಂಡತಿ ವಾರಿಜ, ಆರನೇ ಕ್ಲಾಸಿನ ಮಗಳು ಶ್ರಾವ್ಯ. ಆ ವರ್ಷ ನನ್ನ ದವಡೆಯ ಕೆಳಗೆ ಹಲಸಿನ ಬೀಜದಷ್ಟು ಗಂಟೊಂದು ಕಾಣಿಸಿಕೊಂಡಿತು. ಡಾಕ್ಟರು ಮುಟ್ಟಿ ನೋಡಿದರು, ನಗಲಿಲ್ಲ, ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಈದ್ ರಜೆ ಬೇರೆ ಬಂದಿತ್ತು. ರಜೆಯೆಲ್ಲ ಮುಗಿದ ಮೇಲೆ ರಿಪೋರ್ಟು ಎಂದರು. ಆ ರಜೆಗೆ ನಾವು ಥಾಯ್ಲೆಂಡ್ ಪ್ರವಾಸ ಮೊದಲೇ ಬುಕ್ ಮಾಡಿಯಾಗಿತ್ತು. ನಾನು ಬೇಡವೆಂದೆ. ವಾರಿಜ ಕೇಳಲಿಲ್ಲ.

"ಇಲ್ಲಿ ಕೂತು ಹೆದರುವ ಬದಲು ಅಲ್ಲಿ ಹೋಗಿ ಹೆದರಿ ಮಾರಾಯ್ರೆ, ಟಿಕೆಟಾದ್ರೂ ದಂಡ ಆಗ್ಲಿಕ್ಕಿಲ್ಲ. ಹೋದ ವರ್ಷ ಕಿಡ್ನಿ, ಈ ವರ್ಷ ದವಡೆ. ಬರುವ ವರ್ಷಕ್ಕೆ ಎಂಥದು ಉಳಿಸಿಕೊಂಡಿದ್ದೀರಿ?"

ಥಾಯ್ಲೆಂಡ್ ಎಂದರೆ ಎಲ್ಲರೂ ಸಮುದ್ರದ ದಂಡೆಗೆ ಹೋಗುತ್ತಾರೆ. ಮಗಳನ್ನು ಕರೆದುಕೊಂಡು ಅಲ್ಲಿ ಏನನ್ನು ನೋಡಬೇಕಾಗುತ್ತದೋ ಎಂದು ಹೆದರಿ ನಾನು ಬ್ಯಾಂಕಾಕಿನಿಂದ ಎರಡು ಮೂರು ಗಂಟೆ ದೂರದ ಲೋಪ್‌ಬುರಿ ಎಂಬ ಹಳೆಯ ಪಟ್ಟಣವನ್ನು ಆರಿಸಿದ್ದೆ. ಹಿಂದಿನ ಕಾಲದ ಅರಮನೆ, ಕೆಂಪು ಮುರಕಲ್ಲಿನ ಮೂರು ಗೋಪುರಗಳ ಗುಡಿ, ಪಕ್ಕದಲ್ಲೇ ಇನ್ನೊಂದು ದೇವಸ್ಥಾನ. ಫೋಟೋದಲ್ಲಿ ಎಲ್ಲ ಬಹಳ ಗಂಭೀರವಾಗಿತ್ತು. ಫೋಟೋಕ್ಕೆ ವಾಸನೆ ಇರುವುದಿಲ್ಲ.

ಆ ಊರು ಮಂಗಗಳದು. ಕರೆಂಟಿನ ತಂತಿಯ ಮೇಲೆ ಮಂಗ, ಅಂಗಡಿಯ ಮಾಡಿನ ಮೇಲೆ ಮಂಗ, ನಿಲ್ಲಿಸಿದ ಕಾರಿನ ವೈಪರ್ ಕಿತ್ತು ನೆಕ್ಕುತ್ತಿರುವ ಮಂಗ. ಮೂರು ಗೋಪುರಗಳ ಕಲ್ಲಿನ ಕೆತ್ತನೆಯನ್ನು ನಾನು ನೋಡಿದ್ದೇನೆಂದು ಪ್ರಮಾಣ ಮಾಡಲಾರೆ. ನೋಡಿದ್ದು ಕಾಲ ಕೆಳಗಿನದನ್ನು: ಹಿಕ್ಕೆ, ಕೊಳೆತ ಬಾಳೆಹಣ್ಣಿನ ಲೋಳೆ, ಕಚ್ಚಿ ಎಸೆದ ಗುಲಾಬಿ ಬಣ್ಣದ ಹಾಲಿನ ಬಾಟಲಿ, ಅದಕ್ಕೆ ಮುತ್ತಿದ ನೊಣ. ಒಳಗೆ ಹೋದರೆ ಬಾವಲಿಗಳ ಘಾಟು. ಹೊರಗೆ ಬಂದರೆ ಹೆಗಲ ಮೇಲೆ ಒಂದು ಮರಿ ಬಂದು ಕೂತು, ಶರ್ಟಿನ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದು ಹೋಯಿತು. ದವಡೆಯ ಗಂಟನ್ನು ಬಿಟ್ಟು ಅರ್ಧ ದಿನ ನಾನು ರೇಬೀಸ್ ರೋಗಕ್ಕೆ ಹೆದರಿದೆ. ಅಷ್ಟು ಮಟ್ಟಿಗೆ ಪ್ರವಾಸ ಸಾರ್ಥಕ.

ಪಕ್ಕದ ದೇವಸ್ಥಾನದಲ್ಲಿ ನಾಲ್ಕು ಕೈಯ ಒಂದು ಹಳೆಯ ಮೂರ್ತಿ. ವಿಷ್ಣುವಿನದ್ದೆಂದು ಹೇಳಿದರು. ಆದರೆ ಮೂಲದ ತಲೆ ಹೋಗಿ, ಬುದ್ಧನ ತಲೆ ಕೂರಿಸಿದ್ದಾರಂತೆ. ಮೈಗೆಲ್ಲ ಭಕ್ತರು ಅಂಟಿಸಿದ ಚಿನ್ನದ ರೇಕು. ವಾರಿಜ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿ ನಿಂತಳು. ನಿಂತೇ ಇದ್ದಳು. "ಅಮ್ಮಾ, ಇಟ್ಸ್ ನಾಟ್ ಈವನ್ ಅವರ್ ಟೆಂಪಲ್" ಎಂದು ಶ್ರಾವ್ಯ ಸೆರಗು ಎಳೆದಳು. ನನ್ನ ಗಮನವೆಲ್ಲ ಪೀಠದ ಮುಂದೆ ಕೂತಿದ್ದ ಒಂದು ಸಂಸಾರದ ಮೇಲಿತ್ತು. ಅವರು ಬುಟ್ಟಿಗಟ್ಟಲೆ ಬೇಯಿಸಿದ ಮೊಟ್ಟೆಗಳ ಸಿಪ್ಪೆ ಬಿಡಿಸಿ ತಟ್ಟೆಯಲ್ಲಿ ಪೇರಿಸುತ್ತಿದ್ದರು. ಬೇಡಿಕೊಂಡದ್ದು ನಡೆದರೆ ಇಲ್ಲಿ ಮೊಟ್ಟೆ ಒಪ್ಪಿಸುವುದು ಎಂದು ನಮ್ಮ ವ್ಯಾನಿನ ಡ್ರೈವರು ವಿವರಿಸಿದ. ಒಂದು ಮಂಗ ಹಳದಿಯನ್ನು ಅಗಿದು, ಬಾಯಿಂದ ಉದುರಿಸಿ, ಮತ್ತೆ ನೆಕ್ಕಿತು. ನಮ್ಮದು ಮೊಟ್ಟೆಯ ಹೆಸರನ್ನೂ ಹೇಳದ ಉಡುಪಿಯ ಮನೆ. ನಾನು ಹೊರಗೆ ಓಡಿಹೋಗಿ ರೈಲು ಹಳಿಯ ಪಕ್ಕದಲ್ಲಿ ವಾಂತಿ ಮಾಡಿಕೊಂಡೆ.

ಈಗ ನಾನು ಹೇಳಬೇಕಾದ ವಿಷಯ. ದುಬೈಗೆ ವಾಪಸಾದ ಮೇಲಿನ ಶುಕ್ರವಾರ ಮಧ್ಯಾಹ್ನ. ರಿಪೋರ್ಟು ಭಾನುವಾರ ಬರುವುದಿತ್ತು. ಊಟವಾಗಿತ್ತು, ಅನ್ನ, ಸಾರು, ಬೆಂಡೆಕಾಯಿ ಪಲ್ಯ. ಸೆಖೆಗೆ ಕಿಟಕಿಗಳೆಲ್ಲ ಮುಚ್ಚಿ ಎಸಿ ಹಾಕಿತ್ತು. ಸೋಫಾದ ಮೇಲೆ ಒರಗಿ ದವಡೆ ಒತ್ತಿಕೊಳ್ಳುತ್ತಿದ್ದೆ. ಆಗ ಆ ವಾಸನೆ ಬಂತು.

ಅದು ಬೇಯಿಸಿದ ಮೊಟ್ಟೆಯದೇ. ಆಫೀಸಿನಲ್ಲಿ ಪಕ್ಕದವನು ಡಬ್ಬಿ ತೆರೆದಾಗ ಮೂಗು ಮುಚ್ಚಿಕೊಂಡು ಎದ್ದು ಹೋಗುವವನಿಗೆ ಇದು ಗೊತ್ತಾಗದೆ ಇರುವುದಿಲ್ಲ. ಬೆಚ್ಚಗಿನ, ಹಸಿ ಹಸಿ, ಗಂಟಲೊಳಗೆ ಇಳಿದು ಅಂಟಿಕೊಳ್ಳುವ ವಾಸನೆ. ಮೊದಲು ಗ್ಯಾಸ್ ಲೀಕ್ ಎಂದುಕೊಂಡೆ. ವಾಚ್‌ಮನ್ ಬಂದು ನೋಡಿ ಇಲ್ಲವೆಂದ. ಸಿಂಕಿನ ಪೈಪಿಗೆ ಬಿಸಿನೀರು ಹೊಯ್ದೆ. ಲೋಪ್‌ಬುರಿ ತುಳಿದ ಬೂಟುಗಳನ್ನು ಕಸದ ಚ್ಯೂಟಿಗೆ ಎಸೆದೆ. ಫ್ರಿಜ್ಜು ಖಾಲಿ ಮಾಡಿ ಒರೆಸಿದೆ, ನೆಲಕ್ಕೆ ಫಿನಾಯಿಲು ಹಾಕಿದೆ. ವಾಸನೆ ಹೆಚ್ಚಾಯಿತು. ಕೊನೆಗೆ ನನಗೆ ಹೊಳೆದದ್ದೇನೆಂದರೆ, ಗಂಟು ಮಿದುಳಿಗೆ ಹೋಗಿದೆ, ಇಲ್ಲದ ವಾಸನೆ ಬರುತ್ತಿದೆ.

ಇದನ್ನು ಪರೀಕ್ಷಿಸಲು ಎದುರು ಫ್ಲ್ಯಾಟಿನ ಮುನೀರ್ ಸಾಹೇಬರನ್ನು ಕರೆದೆ. ಭಟ್ಕಳದವರು, ದೇರಾದಲ್ಲೇ ಅತ್ತರಿನ ಅಂಗಡಿ. ಜುಮಾ ನಮಾಜು ಮುಗಿಸಿ ಆಗಷ್ಟೇ ಬಂದಿದ್ದರು. ಏನೆಂದು ಹೇಳದೆ ಒಳಗೆ ಬನ್ನಿ ಎಂದೆ. ಹೊಸ್ತಿಲಲ್ಲೇ ನಿಂತು ಅವರು ಗಡ್ಡ ನೀವಿಕೊಂಡು ನಕ್ಕರು.

"ಏನು ರಾಯರೇ, ಕಡೆಗೂ ಜಾತಿ ಕೆಟ್ಟಿರಾ? ಯಾರು ಸುಲೀತಾ ಇರೋದು, ನೀವಾ, ಮನೆಯವರಾ?"

"ಸುಲಿಯೋದಾ?"

"ಮತ್ತೆ? ಬೇಯಿಸೋ ವಾಸನೆ ಬೇರೆ. ಇದು ಈಗ, ಈ ಗಳಿಗೆಯಲ್ಲಿ, ಯಾರೋ ಸಿಪ್ಪೆ ಬಿಡಿಸ್ತಾ ಇರೋದು."

ಅಡುಗೆಮನೆಗೆ ಕರೆದುಕೊಂಡು ಹೋಗಿ ಒರೆಸಿದ ಕಟ್ಟೆ ತೋರಿಸಿದೆ. ಅವರ ನಗು ನಿಂತಿತು. ತಮ್ಮ ಮನೆಯಿಂದ ಬುಖೂರ್ ಎಂಬ ಅರಬ್ಬೀ ಧೂಪದ ಕೆಂಡ ತಂದು ಹೊಗೆ ಹಾಕಿದರು. ಮೊಟ್ಟೆಯ ವಾಸನೆಗೆ ಊದಿನ ಹೊಗೆ ಸೇರಿದ ಮೇಲೆ ಆದದ್ದನ್ನು ಬರೆಯಲಾರೆ. ಈಗಲೂ ಬಾಯಲ್ಲಿ ನೀರೂರುತ್ತದೆ, ತಿನ್ನಲಿಕ್ಕಲ್ಲ, ವಾಂತಿಗೆ. ವಿಚಿತ್ರವೆಂದರೆ ನಮ್ಮ ಬಾಗಿಲು ದಾಟಿ ಕಾರಿಡಾರಿಗೆ ಕಾಲಿಟ್ಟರೆ ಏನೂ ಇಲ್ಲ. "ಖಲಾಸ್, ನನ್ನ ಕೈಲಾಗೋದಲ್ಲ" ಎಂದು ಸಾಹೇಬರು ಹೊರಟರು.

ಬಾಗಿಲು ಹಾಕಿ ವಾರಿಜಳನ್ನು ಹುಡುಕಿದೆ. ನೋಡಿದರೆ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಾಳೆ. ಸೆರಗು ಮೂಗಿಗಿಲ್ಲ. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ರಿಪೋರ್ಟ್ ಒಳ್ಳೆಯದೇ ಬರ್ತದೆ. ಇನ್ನು ಹೆದರ್ಬೇಡಿ" ಎಂದಳು.

ಆಮೇಲೆ ಹೇಳಿದಳು. ಆ ನಾಲ್ಕು ಕೈಯ ಮೂರ್ತಿಯ ಮುಂದೆ ಅವಳು ಹರಕೆ ಹೊತ್ತಿದ್ದಳು. ಊರಿನಲ್ಲಿ ಯಾವ ದೇವರಿಗೆ ಯಾವ ಸೇವೆ ಎಂದು ನಮಗೆ ಗೊತ್ತು. ಅಲ್ಲಿ ಏನೆಂದು ಗೊತ್ತಿಲ್ಲದೆ, "ಇವರ ಗಂಟು ಏನೂ ಅಲ್ಲದೆ ಹೋಗಲಿ, ಇಲ್ಲಿಯ ಪದ್ಧತಿ ಏನುಂಟೋ ಅದನ್ನೇ ಒಪ್ಪಿಸ್ತೇನೆ" ಎಂದುಬಿಟ್ಟಿದ್ದಳು. ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಮೊಟ್ಟೆ. "ಬದಲಾಯಿಸುವ ಅಂತ ಮತ್ತೆ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ನೀವು ವಾಂತಿ ಮಾಡ್ಲಿಕ್ಕೆ ಓಡಿದ್ರಿ. ಈಗ ದೇವರೇ ಬಾಕಿ ಕೇಳ್ಲಿಕ್ಕೆ ಬಂದಿದ್ದಾನೆ ಅಂದ್ರೆ ಕೇಳಿದ ಕೆಲಸ ಆಗಿದೆ ಅಂತಲೇ."

ನನ್ನ ಕಿಡ್ನಿ, ನನ್ನ ದವಡೆ ಎಂದು ಎರಡು ವರ್ಷವೂ ತಮಾಷೆ ಮಾಡಿದವಳು ಇವಳೇ. ನನಗಿಂತ ಹೆಚ್ಚು ಹೆದರಿದ್ದಳು ಎಂಬುದು ಆ ಹೊಲಸು ವಾಸನೆಯ ನಡುವೆ ಕೂತಾಗ ನನಗೆ ತಿಳಿಯಿತು.

ಶನಿವಾರವೂ ವಾಸನೆ ಹೋಗಲಿಲ್ಲ. ಮೂವರಿಗೂ ಮೊಸರನ್ನ ಬಿಟ್ಟು ಏನನ್ನೂ ತಿನ್ನಲಾಗಲಿಲ್ಲ. ಭಾನುವಾರ ಕ್ಲಿನಿಕ್ಕಿನಿಂದ ಫೋನು ಬಂತು. ಬರಿಯ ಕೊಬ್ಬಿನ ಗಂಟು, ಚಿಂತೆ ಬೇಡ. ಫೋನ್ ಇಟ್ಟು ತಿರುಗುವಷ್ಟರಲ್ಲಿ ಮನೆಯಲ್ಲಿ ಫಿನಾಯಿಲಿನ ವಾಸನೆ ಮಾತ್ರ ಇತ್ತು.

ಮುಂದಿನ ಈದ್‌ಗೆ ಹೋಗಿ ಹರಕೆ ಸಲ್ಲಿಸಿದೆವು. ಗಂಟು ನನ್ನದು, ಆದ್ದರಿಂದ ಸುಲಿಯುವ ಕೆಲಸವೂ ನನ್ನದು ಎಂದು ವಾರಿಜ ತೀರ್ಪು ಕೊಟ್ಟಳು. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಬುಟ್ಟಿಯಷ್ಟು ಮೊಟ್ಟೆ ಸುಲಿದೆ. ಉಗುರಿನ ಸಂದಿಯಲ್ಲಿ ಸಿಪ್ಪೆಯ ಒಳಪೊರೆ, ಅಂಗೈಯಲ್ಲಿ ಆ ನುಣುಪು. ಹೆಗಲ ಮೇಲೆ ಅದೇ ಮಂಗವೋ, ಅದರ ತಮ್ಮನೋ.

ಇದಕ್ಕೆ ವಿವರಣೆಗಳು ನನ್ನಲ್ಲೂ ಉಂಟು. ಎಸಿಯ ಡಕ್ಟಿನಲ್ಲಿ ಯಾರದೋ ಅಡುಗೆಯ ವಾಸನೆ ಬಂದಿರಬಹುದು. ಆದರೆ ಭಾನುವಾರದ ಫೋನನ್ನು ಆ ಡಕ್ಟಿಗೆ ಯಾರು ಹೇಳಿದ್ದು? ಹರಕೆಯ ಸುದ್ದಿಯೇ ಗೊತ್ತಿಲ್ಲದ ನನ್ನ ಮೂಗಿಗೆ, ಸಾಹೇಬರ ಮೂಗಿಗೆ ಏನಾಗಿತ್ತು? ಎಷ್ಟು ಯೋಚಿಸಿದರೂ ನಾನು ಇಲ್ಲಿಂದ ಮುಂದೆ ಹೋಗಿಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ನಾವೀಗ ದುಬೈಯಲ್ಲೇ ಮಿರ್ದಿಫ್ ಬಡಾವಣೆಯಲ್ಲಿದ್ದೇವೆ. ಹೋದ ವಾರ ವಾರಿಜಳ ಎದೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಭಾನುವಾರ ರಿಪೋರ್ಟು. ಅವಳು ಎಂದಿನಂತೆ ನಗುತ್ತಾಳೆ. ಅವಳಿಗೆ ಹೇಳದೆ ನಾನು ಶ್ರಾವ್ಯಳ ಹಳೆಯ ಫೋಟೋಗಳಲ್ಲಿ ಆ ನಾಲ್ಕು ಕೈಯವನನ್ನು ಹುಡುಕಿ, ಎರಡು ಬುಟ್ಟಿ ಮೊಟ್ಟೆ, ನನ್ನ ಕೈಯಿಂದಲೇ ಸುಲಿದು, ಎಂದು ಹರಕೆ ಹೇಳಿಕೊಂಡಿದ್ದೇನೆ. ಇವತ್ತು ಶುಕ್ರವಾರ. ಊಟವಾಗಿದೆ. ಅವಳು ಮಲಗಿದ್ದಾಳೆ. ಕಿಟಕಿ ಮುಚ್ಚಿದ್ದೇನೆ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಆರಿಸಿದ್ದೇನೆ. ಲೋಕದಲ್ಲಿ ನನಗೆ ಅತ್ಯಂತ ಹೇಸಿಗೆಯಾದ ಆ ವಾಸನೆಗಾಗಿ, ನಾಯಿಯ ಹಾಗೆ ಮೂಗು ಎತ್ತಿಕೊಂಡು, ಸಿಂಕಿನ ಪಕ್ಕದಲ್ಲಿ ನಿಂತಿದ್ದೇನೆ.