ಡುಮ್ಮಿಯ ಸೈಕಲ್ಲು

ನಮ್ಮ ಓಣಿಯ ನರ್ಸಿಗೆ ಎರಡು ಹೆಸರು. ಊರಿಗೆಲ್ಲ ಅಕ್ಕ, ಗಂಡನಿಗೆ ಡುಮ್ಮಿ. ಗಂಡ ಟೈಲರು, ಕೊರಳಲ್ಲಿ ಅಳತೆ ಟೇಪು ಇಲ್ಲದೆ ಅವನನ್ನು ಕಂಡವರಿಲ್ಲ. "ಡುಮ್ಮೀ, ನಿನ್ನ ಅಂಗಿಗೆ ಒಂದು ಥಾನು ಬಟ್ಟೆಯೇ ಬೇಕು ಕಣೇ" ಎಂದು ಅಂಗಡಿಯಿಂದ ಕೂಗುವನು. "ಹೊಲಿಯೋರು ನೀವು ತಾನೆ, ಅನುಭವಿಸಿ" ಎನ್ನುವಳು ಅಕ್ಕ.

ಗುಡ್ಡದ ಮೇಲಿನ ಮನೆಗಳಿಗೆ ಜೀಪು ಹತ್ತುವುದಿಲ್ಲ, ಅಕ್ಕನ ದಪ್ಪ ಟೈರಿನ ಗೇರ್ ಸೈಕಲ್ಲು ಹತ್ತುತ್ತಿತ್ತು. ಹಿಂದಿನ ಕ್ಯಾರಿಯರ್ ಮೇಲೆ ಔಷಧಿ ಪೆಟ್ಟಿಗೆ, ಅದರ ಮೇಲೆ ಮಕ್ಕಳನ್ನು ತೂಗುವ ಯಂತ್ರ. ಏರಿನಲ್ಲಿ ಸೀಟಿನ ತುದಿಗೆ ಜರುಗಿ, ಎದೆ ಹ್ಯಾಂಡಲ್‌ಗೆ ತಾಗುವಂತೆ ಬಾಗಿದಳೆಂದರೆ ಮುಂದಿನ ಚಕ್ರ ನೆಲ ಕಚ್ಚಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಪೆಡಲ್ ಮೇಲೆ ನಿಂತು, ಸೊಂಟವನ್ನು ಸೀಟಿನಿಂದ ಹಿಂದಕ್ಕೆ ಸರಿಸುವಳು. ನಗುವವರು ನಗಲಿ, ಒಮ್ಮೆಯೂ ಬಿದ್ದವಳಲ್ಲ.

ಹೋದ ವರ್ಷ ಕಾಯಿಲೆ ಬಿದ್ದಳು. ಹಾಸಿಗೆ ಬಿಟ್ಟೆದ್ದಾಗ ಅಕ್ಕ ಅರ್ಧವಾಗಿದ್ದಳು. "ಸಣ್ಣಗಾಗಿದೀಯ, ಚೆನ್ನಾಗಿ ಕಾಣ್ತೀಯ" ಅಂದವರ ಬಾಯಿ ಹೊಲಿಯಬೇಕು ಅನ್ನಿಸಿತು ನನಗೆ. ಗಂಡ ಮಾತ್ರ ಡುಮ್ಮಿ ಅನ್ನುವುದನ್ನೇ ಬಿಟ್ಟ. "ಊಟ ಆಯ್ತೇನಮ್ಮಾ" ಎಂದು ನೆಂಟರನ್ನು ಮಾತಾಡಿಸುವ ಹಾಗೆ ಮಾತಾಡಿಸತೊಡಗಿದ. ಅಕ್ಕನಿಗೆ ಕಾಯಿಲೆಗಿಂತ ಅದೇ ಹೆಚ್ಚು ನೋಯಿತು.

ಕೆಲಸಕ್ಕೆ ಮರಳಿದ ಮೊದಲ ದಿನವೇ ಕಡಿದಾದ ತಿರುವಿನಲ್ಲಿ ಮುಂದಿನ ಚಕ್ರ ಎದ್ದು ಅಕ್ಕ ಮಗುಚಿ ಬಿದ್ದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಪೆಟ್ಟಿಗೆ ಹಿಂದಕ್ಕೆ ಜಗ್ಗುತ್ತಿತ್ತು, ಚಕ್ರವನ್ನು ಅದುಮಿ ಹಿಡಿಯಲು ಮೈಯಲ್ಲಿ ಮೊದಲಿನ ಭಾರವಿರಲಿಲ್ಲ.

"ಇನ್ನೊಂದ್ಸಲ ಬಿದ್ರೆ ಆಸ್ಪತ್ರೇಲೇ ಕೂತ್ಕೊಳ್ಳಿ. ಗುಡ್ಡ ಬೇರೆಯವರು ನೋಡ್ಕೊಳ್ತಾರೆ" ಎಂದರು ಡಾಕ್ಟರು.

ತಾನು ಹೆರಿಗೆ ಮಾಡಿಸಿದ ಕೂಸುಗಳನ್ನು ಬೇರೆಯವರು ತೂಗುವುದೇ? ಅಕ್ಕ ಅಂದು ಉಣ್ಣಲಿಲ್ಲ.

ಗಂಡ ಟೇಪು ಹಿಡಿದು ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೆಂಡತಿಯ ಅಂಗಿಗೆ ತೆಗೆಯುವ ಹಾಗೆಯೇ ಅಳತೆ ತೆಗೆದ. ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಮೂರು ಮೂಲೆಯ ಜಾಗಕ್ಕೆ ಕ್ಯಾನ್ವಾಸಿನ ಚೀಲ ಹೊಲಿದ, ತುಳಿಯುವಾಗ ಮೊಣಕಾಲಿಗೆ ತಾಗದಷ್ಟು ತೆಳ್ಳಗೆ. ಔಷಧಿಯೆಲ್ಲ ತಗ್ಗಿನಲ್ಲಿ, ನಟ್ಟನಡುವೆ ಕೂತಿತು. ಹಿಂದೆ ಉಳಿದದ್ದು ತೂಕದ ಯಂತ್ರ ಮಾತ್ರ.

ಮರುದಿನ ಅಕ್ಕ ಹೊರಡುವ ಮುಂಚೆ ಅವನು ಏನೋ ಕೆಲಸವಿದೆ ಎಂದು ಸುಳ್ಳು ಹೇಳಿ, ಅಂಗಡಿ ಮುಚ್ಚಿ, ಮೊದಲೇ ಹೋಗಿ ತಿರುವಿನ ಕೆಳಗೆ ನಿಂತ. ಆಕೆ ಮೂಗು ಹ್ಯಾಂಡಲ್‌ಗೆ ತಾಗುವಷ್ಟು ಬಾಗಿ ತುಳಿದಳು. ಚಕ್ರ ಒಮ್ಮೆ ಹಗುರಾಯಿತು, ಮತ್ತೆ ನೆಲ ಹಿಡಿಯಿತು. ಸೈಕಲ್ಲು ತಿರುವು ದಾಟಿತು.

ಮಧ್ಯಾಹ್ನ ಕೂಸುಗಳನ್ನೆಲ್ಲ ತೂಗಿ ಇಳಿದು ಬರುವಾಗಲೂ ಅವನು ಅಲ್ಲೇ ಇದ್ದ. ಸೊಂಟ ಹಿಂದಕ್ಕೆ ಸರಿಸಿ, ಮೊದಲಿನ ಹಾಗೆಯೇ ಧೂಳೆಬ್ಬಿಸಿಕೊಂಡು ಬರುತ್ತಿದ್ದ ಹೆಂಡತಿಯನ್ನು ಕಂಡು ಅವನಿಗೆ ಜೀವ ಬಾಯಿಗೆ ಬಂತು. ಇಷ್ಟು ದಿನ ಕಾಪಾಡಿಕೊಂಡು ಬಂದ ಮರ್ಯಾದೆಯೆಲ್ಲ ಮರೆತು ಕಿರುಚಿದ: "ಬ್ರೇಕ್ ಹಿಡಿಯೇ, ಡುಮ್ಮೀ!"

ಅಕ್ಕ ಬ್ರೇಕ್ ಹಿಡಿದಳು. ಕಾಲು ನೆಲಕ್ಕೂರಿ, ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಕರೀರಿ" ಎಂದಳು.