ಹಿಂಬಾಗಿಲಿಗೆ ಕೊಡುತ್ತಿದ್ದ ಕೋಲು

...ಇಲ್ಲ, ಅದು ನೀಲಿ ಅಲ್ಲ. ಇಷ್ಟು ವರ್ಷ ನೀಲಿ ಎಂದೇ ನೆನೆಯುತ್ತಿದ್ದೆ. ನಿನ್ನೆ ವಿಜಯವಾಡದ ಮನೆಯೆದುರು, ಮಾರಲಿರುವ ಹಳೆಯ ಕಾರನ್ನು ಗುಡಿಸುವಾಗ ಚಾಲಕನ ಸೀಟಿನಡಿ ಸಿಕ್ಕಿತು: ಮುರಿದ ಮಾಪಿನ ಹಿಡಿಕೆಯ ಒಂದೂವರೆ ಮೊಳದ ತುಂಡು, ಹಸಿರು. ಬಣ್ಣವನ್ನೇ ತಪ್ಪಾಗಿ ನೆನಪಿಟ್ಟುಕೊಂಡವನು ಮಾತುಗಳನ್ನು ಸರಿಯಾಗಿ ಇಟ್ಟುಕೊಂಡಿರುತ್ತೇನೆಯೇ?

ನಾನು ವಿಶಾಖಪಟ್ಟಣದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಗ ಎದುರುಮನೆಯಲ್ಲಿ ಧಾರವಾಡದ ಕಡೆಯ ಅಕ್ಕ ಇದ್ದರು. ಗಂಡ ನೌಕಾಪಡೆಯಲ್ಲಿ, ಅವರು ಹೊಲಿಗೆ ಮಷಿನ್ ಮುಂದೆ. ಬೀದಿಯ ಹೆಂಗಸರ ಬ್ಲೌಸೆಲ್ಲ ಅವರ ಕೈಯಲ್ಲೇ ಆಗಬೇಕು. ಈ ಹ್ಯಾಚ್‌ಬ್ಯಾಕ್ ಕಾರು ತಂದ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ ತಮ್ಮಾ, ಬಾಲಾ ಕೊಯ್ದದ್ದು ತಂದೀಯಲ್ಲೋ! ಡಿಕ್ಕಿ ಅಂಗಡ್ಯಾಗ ಬಿಟ್ಟು ಬಂದಿ ಏನು?" ಎಂದು ನಕ್ಕಿದ್ದರು. ನಾನು ಹಿಂಬಾಗಿಲನ್ನು ಗಾಜಿನ ಸಮೇತ ಮೇಲೆತ್ತಿ ತೋರಿಸಿ, ಸೀಟು ಮಡಚಿದರೆ ನಿಮ್ಮ ಮಷಿನ್ನೂ ಹಿಡಿಸುತ್ತದೆ ಎಂದು ಜಂಬ ಕೊಚ್ಚಿದ್ದೆ.

ಕಡಲ ಗಾಳಿಗೋ ಏನೋ, ಆ ಬಾಗಿಲನ್ನು ಎತ್ತಿ ಹಿಡಿಯುವ ಎರಡು ಗ್ಯಾಸ್ ರಾಡುಗಳು ಸೋತವು. ಬಾಗಿಲು ನಿಂತಂತೆ ನಿಂತು ದಢಕ್ಕನೆ ಬೀಳುತ್ತಿತ್ತು. ರಾಡು ಬದಲಿಸಲು ಸೋಮಾರಿತನ. ಈ ಮಾಪಿನ ಕೋಲನ್ನೇ ಆನಿಕೆ ಕೊಟ್ಟು ದಿನ ದೂಡಿದೆ.

ವಿಜಯವಾಡಕ್ಕೆ ವರ್ಗವಾಗಿ ಹೊರಡುವ ಬೆಳಿಗ್ಗೆ ಅಕ್ಕ ಶೇಂಗಾ ಚಟ್ನಿಪುಡಿಯ ಡಬ್ಬಿ ತಂದು ಹಿಂದೆ ಇಡಲು ಹೋದರು. ನಾನು ಮುಂದಿನ ಸೀಟಿನಲ್ಲಿ ಏನೋ ಜೋಡಿಸುತ್ತಿದ್ದೆ... ಅಥವಾ ಮೇಲಿನಿಂದ ಚಾಪೆ ತರುತ್ತಿದ್ದೆ. ಸದ್ದು ಮಾತ್ರ ಖಚಿತ. ಅವರ ಬಲಗೈಯ ಎರಡು ಬೆರಳು ಬಾಗಿಲಿನಡಿ ಸಿಕ್ಕಿದ್ದವು.

ಅವರ ಗಂಡ ಓಡಿ ಬಂದಾಗ ನನ್ನ ಬಾಯಿಂದ ಮೊದಲು ಬಂದ ಮಾತು: "ಕೋಲು ಕೊಡಿ ಅಂತ ಹೇಳಿದ್ದೆನಲ್ಲ ಅಕ್ಕಾ."

ಅಕ್ಕ ನನ್ನನ್ನೊಮ್ಮೆ ನೋಡಿದರು. ಸೆರಗಿನಲ್ಲಿ ಕೈ ಸುತ್ತಿಕೊಂಡು ಗಂಡನಿಗೆ, "ಹೌದ್ರಿ, ಹೇಳಿದ್ದ. ನಾನ ಲಕ್ಷ್ಯ ಕೊಡಲಿಲ್ಲ" ಎಂದರು. ನನ್ನ ಕಡೆ ತಿರುಗಿ, "ಪರವಾಲೇದು, ಏನೂ ಆಗಿಲ್ಲ, ನೀ ಹೊಂಡು. ಬಿಸಲಾಗ್ತದ."

ನಾನು ಹೊರಟೇಬಿಟ್ಟೆ. ಊರಾಚೆಯ ದುವ್ವಾಡ ದಾಟಿದೆವು. ಆಗ ಹೆಂಡತಿ, "ಯಾವಾಗ ಹೇಳಿದ್ರಿ?" ಎಂದಳು. ಹೇಳಿದ್ದೆ, ಎಂದೆ.

ಆ ವಾರವೇ ಇಲ್ಲಿಯ ಗವರ್ನರ್‌ಪೇಟೆಯಿಂದ ರಾಡು ತಂದು ಹಾಕಿಸಿದೆ. ಅರ್ಧ ಗಂಟೆಯ ಕೆಲಸ. ತಿಂಗಳಾದ ಮೇಲೆ, ಹೆಂಡತಿ ಅಕ್ಕನಿಗೆ ಹೊಲಿಯಲು ಕೊಟ್ಟಿದ್ದ ಬ್ಲೌಸ್ ಬಟ್ಟೆ ಯಾರದೋ ಕೈಯಲ್ಲಿ ವಾಪಸ್ ಬಂತು. ಕತ್ತರಿಸಿತ್ತು, ಹೊಲಿದಿರಲಿಲ್ಲ. ನಾನು ಫೋನ್ ಮಾಡಲಿಲ್ಲ. ಮಾಡುವ ಧೈರ್ಯ ಬರುವಷ್ಟರಲ್ಲಿ ಅವರಿಗೂ ವರ್ಗವಾಗಿ, ಆ ನಂಬರು ಬೇರೆ ಯಾರದೋ ಆಗಿತ್ತು.

ಕೋಲು ಸೀಟಿನಡಿ ಇರುತ್ತದೆಂದು ನನಗೊಬ್ಬನಿಗೇ ಗೊತ್ತಿತ್ತು. ಆ ಬೆಳಿಗ್ಗೆಯೂ ಅಲ್ಲೇ ಇತ್ತೋ, ಆಮೇಲೆ ನಾನೇ ತಳ್ಳಿದೆನೋ... ಹೇಳಿದ್ದೆ, ಹೇಳಿದ್ದೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆಂದರೆ, ಅಕ್ಕನ ಕೈಗೆ ಕೋಲು ಕೊಟ್ಟು ಎಚ್ಚರಿಸುತ್ತಿರುವ ನಾನು ಈಗ ಕಣ್ಣಿಗೇ ಕಟ್ಟುತ್ತೇನೆ. ಆ ಚಿತ್ರದಲ್ಲಿ ಕೋಲು ನೀಲಿ.

ಅವರ ಬೆರಳು ಮತ್ತೆ ಸೂಜಿ ಹಿಡಿದವೋ ಇಲ್ಲವೋ ತಿಳಿಯದು. ನಾನು ಹೇಳಿದ್ದೆನೋ ಇಲ್ಲವೋ, ಅದೂ ತಿಳಿಯದು. ತಿಳಿದಿದ್ದವರು ಅವರೊಬ್ಬರೇ, ನಾನು ಕೇಳಲಿಲ್ಲ.